ಪಾಸ್‌ಬುಕ್ಕೂ ಒಂದು ಪುಸ್ತಕವೇ: ಮಕ್ಕಳಿಗೆ ಓದಿನ ಮೂಲಕ ದುಡ್ಡಿನ ಪಾಠ

ನಮ್ಮ ಮಂಗಳೂರಿನ ಮಕ್ಕಳಿಗೆ ‘ಸ್ಟೇಟ್ ಬ್ಯಾಂಕ್’ ಅಂದ್ರೆ ಮೊದಲು ಗೊತ್ತಾಗುವುದು ಬಸ್‌ಸ್ಟ್ಯಾಂಡ್. ಸಿಟಿ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗುವುದನ್ನು ಕೇಳುತ್ತಲೇ ಅವರು ಬೆಳೆಯುತ್ತಾರೆ. ನನ್ನ ಮಗ ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕೇಳಿದ: “ಅಮ್ಮಾ, ಬ್ಯಾಂಕಿನ ಒಳಗೆ ಎಷ್ಟು ಬಸ್ಸು ಉಂಟು?”

ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ಬ್ಯಾಂಕ್ ಅಂದ್ರೆ ಏನು, ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ ಎಂದು ನಾವು ಅವನಿಗೆ ಹೇಳಿಯೇ ಇರಲಿಲ್ಲ. ದುಡ್ಡಿನ ಮಾತು ಬಂದರೆ ನಮ್ಮಲ್ಲಿ ಮಕ್ಕಳನ್ನು ಆಟಕ್ಕೆ ಕಳಿಸುತ್ತೇವೆ. ಇಲ್ಲದಿದ್ದರೆ ಅವರು ಮಲಗಿದ ಮೇಲೆ ಮಾತಾಡುತ್ತೇವೆ. ಹಾಗಾದರೆ ಅವರು ಕಲಿಯುವುದು ಯಾವಾಗ?

ಐದಾರು ವರ್ಷಗಳಿಂದ ನನ್ನ ಇಬ್ಬರು ಮಕ್ಕಳ ಜೊತೆ, ರಜೆಯಲ್ಲಿ ಅಕ್ಕಪಕ್ಕದ ಮನೆಯ ಮಕ್ಕಳ ಜೊತೆಯೂ ಕೂತು ಓದುತ್ತಿದ್ದೇನೆ. ಬುದ್ಧಿ ಹೇಳುವುದಕ್ಕಿಂತ ಜೊತೆಗೆ ಕೂತು ಓದುವುದು ಹೆಚ್ಚು ಕೆಲಸ ಮಾಡುತ್ತದೆ ಎನ್ನುವುದು ನನಗೆ ಖಾತ್ರಿಯಾಗಿದೆ. ಓದು ಅಂದ್ರೆ ಕತೆಪುಸ್ತಕ ಮಾತ್ರ ಅಲ್ಲ. ನೋಟು, ಬಿಸ್ಕತ್ತಿನ ಪ್ಯಾಕೆಟ್ಟು, ಅಂಗಡಿ ಚೀಟಿ, ಪಾಸ್‌ಬುಕ್ಕು, ಸಾಲದ ರಸೀದಿ, ಎಲ್ಲವನ್ನೂ ಓದಬಹುದು. ಮನೆಯಲ್ಲಿ ದುಡ್ಡಿನ ಬಗ್ಗೆ ಬರೆದದ್ದು ಏನೆಲ್ಲ ಇದೆಯೋ ಅದನ್ನು ಮಕ್ಕಳ ಕಣ್ಣಿಗೆ ಬೀಳಿಸುವುದೇ ಈ ಇಡೀ ಕ್ರಮ. ನಾವು ಮಾಡಿದ ಹಾಗೇ ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಕತೆಯಿಂದ ಶುರು

ಐದಾರು ವರ್ಷದ ಮಗುವಿಗೆ ಉಳಿತಾಯ, ಬಡ್ಡಿ ಎಂದೆಲ್ಲ ಹೇಳಿ ಪ್ರಯೋಜನವಿಲ್ಲ. ಕತೆ ಹೇಳಿ. ಯಾರೋ ಏನನ್ನೋ ಮಾರುವ, ಕೊಳ್ಳುವ, ಸಾಲ ಕೊಡುವ, ಕಳೆದುಕೊಳ್ಳುವ, ಬೇಕಾದದ್ದಕ್ಕೆ ಕಾಯುವ ಕತೆ ಯಾವುದಾದರೂ ಆಗುತ್ತದೆ. ಅಜ್ಜಿ ಹೇಳುವ ಕತೆಗಳಲ್ಲಿ ಇಂಥವು ಬೇಕಾದಷ್ಟಿವೆ. ‘ದುಡ್ಡಿನ ಪಾಠ’ ಎಂದೇ ಬರೆದ ಪುಸ್ತಕ ಹುಡುಕಬೇಕಾಗಿಲ್ಲ. ನನ್ನ ಅನುಭವದಲ್ಲಿ ಅಂಥ ಪುಸ್ತಕವನ್ನು ಮಕ್ಕಳು ಎರಡನೇ ಸಲ ಕೈಗೆತ್ತಿಕೊಳ್ಳುವುದಿಲ್ಲ.

ಪುಸ್ತಕಕ್ಕೆ ಜಾಸ್ತಿ ಖರ್ಚೂ ಬೇಡ. ಮಂಗಳೂರಿನವರಿಗೆ ಬಾವುಟಗುಡ್ಡೆಯ ಗ್ರಂಥಾಲಯ ಇದೆ. ಹಳ್ಳಿ ಕಡೆ ಇರುವವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ, ಮಕ್ಕಳಿಗೆ ಅಲ್ಲಿ ಉಚಿತವಾಗಿ ಹೆಸರು ಬರೆಸಬಹುದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ರಿಸರ್ವ್ ಬ್ಯಾಂಕ್ ಕೂಡ ಮಕ್ಕಳಿಗಾಗಿ ಕಾಮಿಕ್ ಪುಸ್ತಕಗಳನ್ನು ತಂದಿದೆ. ಅವು ಅದರ ವೆಬ್‌ಸೈಟಿನಲ್ಲೇ ಇವೆ.

ಓದುವಾಗ ನಡುವೆ ನಿಲ್ಲಿಸಿ ಮೂರು ಪ್ರಶ್ನೆ ಕೇಳಿ. ಇವನ ಹತ್ತಿರ ಈಗ ಎಷ್ಟು ಉಂಟು? ಅದು ಎಲ್ಲಿಂದ ಬಂತು? ನೀನಾಗಿದ್ದರೆ ಏನು ಮಾಡ್ತಿದ್ದೆ? ಇಷ್ಟು ಸಾಕು. ಕತೆ ಮುಗಿದ ಮೇಲೆ ‘ಆದ್ದರಿಂದ ದುಂದು ಮಾಡಬಾರದು’ ಎಂದು ನೀವು ಸೇರಿಸಬೇಡಿ. ಮಗುವಿನ ಸ್ವಂತ ತಪ್ಪನ್ನು ಎತ್ತಿ ಆಡಿದರೆ ಅದು ಬೈಗುಳವಾಗುತ್ತದೆ, ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಕತೆಯ ನರಿಯೋ ವ್ಯಾಪಾರಿಯೋ ಮಾಡಿದ ತಪ್ಪಾದರೆ ತಾನಾಗಿಯೇ ಮುಂದೆ ಬಂದು ಮಾತಾಡುತ್ತದೆ.

ಇನ್ನೊಂದು ಮಾತು. ನಮ್ಮ ಕಡೆ ಮನೆಮಾತು ತುಳು, ಕೊಂಕಣಿ, ಬ್ಯಾರಿ ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು. ಕನ್ನಡದಲ್ಲಿ ಓದಿ, ಚರ್ಚೆಯನ್ನು ಮನೆಮಾತಲ್ಲೇ ಮಾಡಿ. ಪಕ್ಕದ ಮನೆಯ ಹುಡುಗ ಕನ್ನಡದಲ್ಲಿ ಕೇಳಿದರೆ ‘ಹೂಂ’ ಎಂದು ಸುಮ್ಮನಾಗುತ್ತಿದ್ದ. ತುಳುವಿನಲ್ಲಿ ಕೇಳಿದ ಕೂಡಲೇ ಹತ್ತು ಮಾತಾಡಿದ.

ಎರಡು: ಊರಿನದೇ ಕತೆ ಕಟ್ಟಿ

ಕತೆ ಕೇಳಿ ಅಭ್ಯಾಸವಾದ ಮಗುವಿಗೆ ಲೆಕ್ಕ ಇರುವ ಕತೆ ಬೇಕು. ಅದನ್ನು ನೀವೇ ಬರೆಯಿರಿ. ನೋಟ್‌ಬುಕ್ಕಿನ ಒಂದು ಪುಟ ಸಾಕು. ನಾನು ಬರೆದದ್ದು ಶಂಕರಪುರ ಮಲ್ಲಿಗೆಯ ಕತೆ. ಉಡುಪಿ ಮಲ್ಲಿಗೆ ಎಂದು ಎಲ್ಲ ಕಡೆ ಹೆಸರಾದ ಹೂವು ಇದು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ ಕೊಡುತ್ತಾರೆ. ಮನೆಯ ಹೆಂಗಸರೇ ಹೆಚ್ಚಾಗಿ ಮಾಡುವ ಕೆಲಸ. ಮಾರಾಟದ ಲೆಕ್ಕ ಚೆಂಡು ಮತ್ತು ಅಟ್ಟೆಯಲ್ಲಿ. 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನಾ ಬದಲಾಗುತ್ತದೆ.

ಕತೆ ಇಷ್ಟೇ. ಒಬ್ಬಳು ಹುಡುಗಿ, ಅವಳ ಅಜ್ಜಿ, ಅಂಗಳದಲ್ಲಿ ಹತ್ತಾರು ಮಲ್ಲಿಗೆ ಗಿಡ. ಬೇಸಿಗೆಯ ಒಂದು ದಿನ ಎರಡು ಚೆಂಡು ಹೂವಾಯಿತು. ಆ ದಿನ ಅಟ್ಟೆಗೆ 400 ರೂಪಾಯಿ. ಮಳೆಗಾಲದಲ್ಲಿ ಒಂದು ದಿನ ಅಟ್ಟೆಗೆ 1,200 ರೂಪಾಯಿ ಆಯಿತು. ಹುಡುಗಿಗೆ ಖುಷಿಯೋ ಖುಷಿ. ಆದರೆ ಮಳೆಗೆ ಹೂವು ಕಡಿಮೆ, ಸಿಕ್ಕಿದ್ದು ಅರ್ಧ ಚೆಂಡು ಮಾತ್ರ. ಹಾಗಾದರೆ ಯಾವ ದಿನ ಜಾಸ್ತಿ ದುಡ್ಡು ಬಂತು? (ದರ ನಾನು ಲೆಕ್ಕಕ್ಕೆಂದು ಇಟ್ಟದ್ದು.)

ಕೂತ ಮಕ್ಕಳೆಲ್ಲ ‘ಮಳೆಗಾಲದ ದಿನ’ ಎಂದು ಕೂಗಿದರು. ನಾನು ಏನೂ ಹೇಳಲಿಲ್ಲ, ಪೆನ್ಸಿಲ್ ಕೊಟ್ಟೆ. ಬೇಸಿಗೆಯ ದಿನ ಚೆಂಡಿಗೆ 100 ರೂಪಾಯಿ, ಎರಡು ಚೆಂಡಿಗೆ 200. ಮಳೆಗಾಲದ ದಿನ ಚೆಂಡಿಗೆ 300, ಅರ್ಧ ಚೆಂಡಿಗೆ 150. ಮಗಳು ಎರಡು ಸಲ ಲೆಕ್ಕ ಮಾಡಿದಳು. “ದರ ಜಾಸ್ತಿ ಆದ್ರೂ ದುಡ್ಡು ಕಡಿಮೆ ಬಂತಲ್ಲ ಅಮ್ಮ!” ಎಂದಳು. ದರ ಬೇರೆ, ಸಂಪಾದನೆ ಬೇರೆ ಎನ್ನುವುದನ್ನು ನಾನು ಇನ್ನು ವಿವರಿಸುವ ಅಗತ್ಯ ಇರಲಿಲ್ಲ.

ಆಮೇಲೆ ಅದೇ ಕತೆಯನ್ನು ಬೆಳೆಸಬಹುದು. ನಾರಿಗೆ, ಗೊಬ್ಬರಕ್ಕೆ ಎಷ್ಟು ಖರ್ಚು? ಕಟ್ಟಲು ಕೂತ ಸಮಯಕ್ಕೆ ಲೆಕ್ಕ ಇದೆಯಾ? ಮದುವೆ, ನೇಮದ (ದೈವಾರಾಧನೆಯ) ಸೀಸನ್ನಿನಲ್ಲಿ ದರ ಯಾಕೆ ಏರುತ್ತದೆ? ಮನೆಯಲ್ಲಿ ಅಡಿಕೆ ತೋಟ ಇದ್ದವರು ಪೇಪರಿನ ಅಡಿಕೆ ಧಾರಣೆಯನ್ನು ಇದೇ ರೀತಿ ಓದಿಸಬಹುದು. ಮಲ್ಪೆ, ಬಂದರು ಕಡೆಯವರಿಗೆ ಮೀನಿನ ಕತೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮನೆ ಹೇಗೆ ನಡೆಯುತ್ತದೆ ಎಂದು ಕೇಳಿ. ಉಳಿತಾಯ ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಕತೆ ನಮ್ಮ ಕರಾವಳಿಯಲ್ಲಿ ಇಲ್ಲ.

ಮೂರು: ನೋಟನ್ನು ಓದಿ

ಇದು ಅರ್ಧ ಗಂಟೆಯ ಆಟ, ಮಕ್ಕಳಿಗೆ ತುಂಬಾ ಇಷ್ಟ. 10, 20, 50, 100ರ ಒಂದೊಂದು ಹೊಸ ನೋಟು ಮೇಜಿನ ಮೇಲಿಡಿ. ಹಿಂಬದಿಯಲ್ಲಿ ಭಾಷೆಗಳ ಸಾಲು ಇದೆ, ಒಟ್ಟು 15. ಅದರಲ್ಲಿ ಕನ್ನಡ ಎಲ್ಲಿದೆ ಹುಡುಕಲು ಹೇಳಿ. ಮೇಲಿನಿಂದ ನಾಲ್ಕನೆಯದು. ಕೊಂಕಣಿ ಆರನೆಯದು. ‘ತುಳು ಯಾಕಿಲ್ಲ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಅದೂ ಮಾತಾಡಬೇಕಾದ ವಿಷಯವೇ. 50ರ ನೋಟಿನಲ್ಲಿ ನಮ್ಮ ಹಂಪಿಯ ಕಲ್ಲಿನ ರಥ ಇದೆ. 10ರಲ್ಲಿ ಕೋನಾರ್ಕ್, 20ರಲ್ಲಿ ಎಲ್ಲೋರ, 100ರಲ್ಲಿ ಗುಜರಾತಿನ ರಾಣಿ ಕಿ ವಾವ್.

ಕೊನೆಗೆ ಮುಂಬದಿಯಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿಯ ಮೇಲಿರುವ ಸಾಲು ತೋರಿಸಿ. ಈ ನೋಟು ಹಿಡಿದವರಿಗೆ ಇಷ್ಟು ರೂಪಾಯಿ ಕೊಡುತ್ತೇನೆ ಎಂಬ ಮಾತು ಅಲ್ಲಿದೆ. ಕಾಗದಕ್ಕೆ ಬೆಲೆ ಬಂದದ್ದು ಆ ಮಾತಿನಿಂದ ಎಂದು ಹೇಳಿ. ನನ್ನ ಮಗ ಅವತ್ತಿನಿಂದ ನೋಟನ್ನು ಮುದ್ದೆ ಮಾಡಿ ಕಿಸೆಗೆ ತುರುಕುವುದನ್ನು ಬಿಟ್ಟ.

ನಾಲ್ಕು: ಅಂಗಡಿಯಲ್ಲಿ ಓದು

ವಾರದ ಸಾಮಾನು ತರಲು ಹೋಗುವಾಗ ಮಗುವನ್ನು ಕರೆದುಕೊಂಡು ಹೋಗಿ, ಒಂದೇ ಒಂದು ಸಾಮಾನಿನ ಜವಾಬ್ದಾರಿ ಕೊಡಿ. ಸೋಪೋ, ಬಿಸ್ಕತ್ತೋ, ಟೀಪುಡಿಯೋ. ಪ್ಯಾಕೆಟ್ಟಿನ ಮೇಲೆ ಓದಬೇಕಾದದ್ದು ಎಂಆರ್‌ಪಿ, ತೂಕ ಮತ್ತು ತಾರೀಕು. ಎಂಆರ್‌ಪಿಯಲ್ಲಿ ತೆರಿಗೆ ಎಲ್ಲ ಸೇರಿರುತ್ತದೆ, ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಈಗ ಹೆಚ್ಚಿನ ಪ್ಯಾಕೆಟ್ಟುಗಳ ಮೇಲೆ ಒಂದು ಗ್ರಾಮಿಗೆ ಎಷ್ಟು ಬೀಳುತ್ತದೆ ಎಂದೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಎರಡು ಪ್ಯಾಕೆಟ್ಟನ್ನು ಹೋಲಿಸುವಾಗ ನೋಡಬೇಕಾದದ್ದು ಅದೇ. ದೊಡ್ಡ ಪ್ಯಾಕೆಟ್ಟು ಯಾವಾಗಲೂ ಅಗ್ಗ ಅಲ್ಲ. ‘ಆಫರ್’ ಎಂದು ಬರೆದದ್ದೆಲ್ಲ ಲಾಭವೂ ಅಲ್ಲ. ಇದನ್ನು ಹತ್ತು ವರ್ಷದ ಮಗು ನಮಗಿಂತ ಬೇಗ ಕಂಡುಹಿಡಿಯುತ್ತದೆ, ಅದಕ್ಕೆ ಕಣ್ಣು ಚುರುಕು.

ಮನೆಗೆ ಬಂದ ಮೇಲೆ ಬಿಲ್ಲನ್ನು ಮಗುವೇ ಗಟ್ಟಿಯಾಗಿ ಓದಲಿ. ಮೆಸ್ಕಾಂ ಬಿಲ್ಲನ್ನೂ ಓದಿಸಿ. ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುವ ಮನೆಯಲ್ಲೂ ಎಷ್ಟು ಯುನಿಟ್ ಉರಿಸಿದ್ದೇವೆ ಎನ್ನುವುದು ಅದರಲ್ಲಿ ಇರುತ್ತದೆ. ಏಪ್ರಿಲಿನ ಬಿಲ್ಲನ್ನೂ ಜುಲೈ ತಿಂಗಳಿನದನ್ನೂ ಪಕ್ಕಪಕ್ಕ ಇಟ್ಟರೆ ಫ್ಯಾನು ಎಷ್ಟು ತಿರುಗಿದೆ ಎಂದು ಮಕ್ಕಳಿಗೇ ಗೊತ್ತಾಗುತ್ತದೆ.

ಐದು: ದುಡಿಮೆಯ ಚೀಟಿ

ದುಡ್ಡು ಗೋಡೆಯ ಮೆಷಿನ್ನಿನಿಂದ ಬರುವುದಲ್ಲ, ಯಾರೋ ದುಡಿದು ಬರುವುದು ಎನ್ನುವುದನ್ನು ಹೇಳಿದರೆ ಸಾಲದು, ಕಾಣಬೇಕು. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಅವರ ಬೀಡಿ ಪುಸ್ತಕ ಒಂದು ನನ್ನ ಹತ್ತಿರ ಉಳಿದಿದೆ. ಎಲೆ ಎಷ್ಟು, ತಂಬಾಕು ಎಷ್ಟು ಕೊಟ್ಟರು, ಎಷ್ಟು ಬೀಡಿ ಬಂತು ಎಂದು ದಿನದಿನದ ಲೆಕ್ಕ ನೀಲಿ ಶಾಯಿಯಲ್ಲಿ ಇದೆ. ಮಕ್ಕಳ ಮುಂದೆ ಅದನ್ನು ಬಿಡಿಸಿ ಇಟ್ಟೆ. ಒಂದು ದಿನ 900, ಮರುದಿನ 1,000, ಆಮೇಲೆ ಮೂರು ದಿನ ಏನೂ ಇಲ್ಲ. “ಇಲ್ಲಿ ಯಾಕೆ ಖಾಲಿ?” ಎಂದು ಮಗ ಕೇಳಿದ. ಆ ಮೂರು ದಿನ ನನಗೆ ಜ್ವರ ಬಂದಿತ್ತು, ಅಮ್ಮ ನನ್ನ ಪಕ್ಕ ಕೂತಿದ್ದರು. ಕೂತ ದಿನ ಕೂಲಿ ಇಲ್ಲ. ಅವನು ಆ ಖಾಲಿ ಸಾಲುಗಳ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದ.

ನಿಮ್ಮ ಮನೆಯಲ್ಲೂ ಇಂಥದ್ದು ಏನಾದರೂ ಇದ್ದೇ ಇರುತ್ತದೆ. ಅಜ್ಜನ ಗೇಣಿ ಚೀಟಿ, ಅಪ್ಪನ ಸಂಬಳದ ಸ್ಲಿಪ್, ಗಲ್ಫಿನಿಂದ ಮಾಮ ದುಡ್ಡು ಕಳಿಸಿದ ರಸೀದಿ. ಹುಡುಕಿ ತೆಗೆಯಿರಿ.

ಮಕ್ಕಳು ಸ್ವಂತ ದುಡಿಯಬೇಕಾ ಎನ್ನುವ ಪ್ರಶ್ನೆ ಬರುತ್ತದೆ. ನನ್ನ ಅಭಿಪ್ರಾಯ ಇದು: ತಾನು ಉಂಡ ತಟ್ಟೆ ತೊಳೆಯುವುದಕ್ಕೆ, ಹಾಸಿಗೆ ಮಡಚುವುದಕ್ಕೆ ದುಡ್ಡು ಕೊಡಬಾರದು. ಅದು ಮನೆಯ ಕೆಲಸ, ಎಲ್ಲರದ್ದೂ. ಅದರ ಹೊರಗಿನ ಸಣ್ಣ ಕೆಲಸಕ್ಕೆ ಕೊಡಬಹುದು, ಓದಿಗೆ, ಆಟಕ್ಕೆ ತೊಂದರೆ ಆಗದ ಹಾಗೆ. ಹಳೆ ಪೇಪರ್ ಕಟ್ಟಿ ಗುಜರಿಗೆ ಹಾಕುವುದು, ತೆಂಗಿನ ಗರಿ ಸೀಳಿ ಹಿಡಿಸೂಡಿ (ಪೊರಕೆ) ಮಾಡುವುದು. ನಮ್ಮ ಕಡೆ ಎಲ್ಲಕ್ಕಿಂತ ಒಳ್ಳೆಯದು ಬೇಸಿಗೆ ರಜೆಯ ಗೇರುಬೀಜ. ನಾವು ಚಿಕ್ಕವರಿದ್ದಾಗ ಪೆನ್ನು, ಬಳೆ ಬರುತ್ತಿದ್ದದ್ದೇ ಅದರಿಂದ ಅಲ್ವಾ?

ಹೋದ ವರ್ಷ ಅಜ್ಜಿ ಮನೆಯ ಗುಡ್ಡೆಯಲ್ಲಿ ಮಗಳು ಎರಡು ವಾರ ಬೀಜ ಹೆಕ್ಕಿದಳು. ಹಣ್ಣು ತಿರುಪಿ ಬೀಜ ಬೇರೆ ಮಾಡಿ, ಅಂಗಳದಲ್ಲಿ ಒಣಗಿಸಿ, ಚೀಲದಲ್ಲಿ ಕಟ್ಟಿ ಅಂಗಡಿಗೆ ಒಯ್ದಳು. ಕೈಯೆಲ್ಲ ಸೊನೆಯ ಕಲೆ. ಅಂಗಡಿಯವರು ತೂಕ ಮಾಡಿ ಚೀಟಿ ಬರೆದರು: 4 ಕಿಲೋ 300 ಗ್ರಾಂ, ಕಿಲೋಗೆ 100, ಒಟ್ಟು 430. ಅವಳು ದುಡ್ಡು ತೆಗೆದುಕೊಳ್ಳುವ ಮೊದಲು ಚೀಟಿ ಓದಿದಳು, ತಕ್ಕಡಿ ನೋಡಿದಳು, ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆಮೇಲೆ “ಸರಿ ಉಂಟು” ಎಂದಳು. ಅಂಗಡಿಯವರು ನಕ್ಕು ಅವಳ ಕೈಗೇ ದುಡ್ಡು ಕೊಟ್ಟರು.

ಆರು: ಲೆಕ್ಕದ ನೋಟ್‌ಬುಕ್ಕು

ಇದೇ ಮುಖ್ಯ ಹೆಜ್ಜೆ. ಇಲ್ಲಿಯವರೆಗೆ ಮಗು ಬೇರೆಯವರು ಬರೆದದ್ದನ್ನು ಓದಿತು. ಇನ್ನು ತನ್ನ ಲೆಕ್ಕವನ್ನು ತಾನೇ ಬರೆದು ಓದಬೇಕು. ಒಂದು 100 ಪುಟದ ನೋಟ್‌ಬುಕ್ಕು ತನ್ನಿ. ಐದು ಕಾಲಂ ಸಾಕು: ತಾರೀಕು, ಏನು, ಬಂದದ್ದು, ಹೋದದ್ದು, ಉಳಿದದ್ದು. ಹುಟ್ಟುಹಬ್ಬಕ್ಕೆ, ದೀಪಾವಳಿಗೆ, ಈದ್‌ಗೆ, ಕ್ರಿಸ್ಮಸ್ಸಿಗೆ ನೆಂಟರು ಕೈಯಲ್ಲಿಟ್ಟ ದುಡ್ಡೂ ಬರಲಿ, ಐಸ್‌ಕ್ಯಾಂಡಿಗೆ ಹೋದ ಐದು ರೂಪಾಯಿಯೂ ಬರಲಿ. ವಾರಕ್ಕೊಂದು ಸಲ, ನಮ್ಮಲ್ಲಿ ಭಾನುವಾರ ಸಂಜೆ, ಡಬ್ಬಿಯ ದುಡ್ಡು ಎಣಿಸಿ ‘ಉಳಿದದ್ದು’ ಕಾಲಂ ಜೊತೆ ತಾಳೆ ನೋಡಬೇಕು.

ಖರ್ಚು ಯಾಕೆ ಮಾಡಿದೆ ಎಂದು ಜಗಳ ಮಾಡಬೇಡಿ. ಬರೆದಿದ್ದೀಯಾ ಎಂದು ಮಾತ್ರ ಕೇಳಿ. ಬೈದರೆ ಮುಂದಿನ ವಾರದಿಂದ ಬರೆಯುವುದು ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ.

ನನ್ನಿಂದ ಆದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಗೇರುಬೀಜದ ಆ 430 ರೂಪಾಯಿ ಮಗಳ ಡಬ್ಬಿಯಲ್ಲಿತ್ತು. ಒಂದು ಬೆಳಿಗ್ಗೆ ಗ್ಯಾಸಿನವರು ಬಂದಾಗ ನನ್ನ ಕೈಯಲ್ಲಿ ದುಡ್ಡು ಸಾಲದೆ ಅದರಿಂದ 300 ತೆಗೆದೆ. ಸಂಜೆ ಇಟ್ಟರಾಯಿತು ಎಂದುಕೊಂಡೆ, ಮರೆತೆ. ಅವಳು ಆಗ ಅಜ್ಜಿ ಮನೆಯಲ್ಲಿದ್ದಳು. ಎರಡು ವಾರ ಬಿಟ್ಟು ಬಂದು ಎಣಿಸಿದರೆ 130 ಮಾತ್ರ. ತಮ್ಮನೇ ತೆಗೆದದ್ದು ಎಂದು ಅವಳಿಗೆ ಅನಿಸಿತು. ಅವನು ಅಳುತ್ತಾ ಅಡುಗೆಮನೆಗೆ ಓಡಿ ಬಂದಾಗಲೇ ನನಗೆ ನೆನಪಾದದ್ದು. ಇಬ್ಬರನ್ನೂ ಕೂರಿಸಿ ತಪ್ಪು ಒಪ್ಪಿಕೊಂಡೆ, ದುಡ್ಡು ಕೊಟ್ಟೆ. ಅವಳು ಏನೂ ಹೇಳದೆ ನೋಟ್‌ಬುಕ್ಕು ತಂದು ಎರಡು ಸಾಲು ಬರೆದಳು. ‘ಅಮ್ಮ ತೆಗೆದುಕೊಂಡದ್ದು, 300.’ ಅದರ ಕೆಳಗೆ, ‘ಅಮ್ಮ ವಾಪಸ್ ಕೊಟ್ಟದ್ದು, 300.’ ಅವತ್ತಿನಿಂದ ನಮ್ಮ ಮನೆಯಲ್ಲಿ ಮಕ್ಕಳ ದುಡ್ಡನ್ನು ಕೇಳದೆ ಯಾರೂ ಮುಟ್ಟುವುದಿಲ್ಲ. ಕೇಳಿ ತೆಗೆದರೂ ಬರೆಯಬೇಕು. ನೀವು ಈ ಕ್ರಮ ಶುರು ಮಾಡುವುದಾದರೆ ದಯವಿಟ್ಟು ಈ ನಿಯಮವನ್ನು ಮೊದಲ ದಿನವೇ ಇಟ್ಟುಕೊಳ್ಳಿ.

ಜಾತ್ರೆ ಬಂದಾಗ ನೋಟ್‌ಬುಕ್ಕಿಗೆ ಒಳ್ಳೆಯ ಕೆಲಸ ಸಿಗುತ್ತದೆ. ಕಾರ್‌ಸ್ಟ್ರೀಟಿನ ತೇರಿಗೋ ಊರಿನ ಜಾತ್ರೆಗೋ ಹೊರಡುವ ಮೊದಲು ಒಂದು ಮೊತ್ತ ಕೈಗೆ ಕೊಡಿ. ಚುರುಮುರಿ, ಐಸ್‌ಕ್ರೀಂ, ತಿರುಗುವ ತೊಟ್ಟಿಲು, ಆಟದ ಸಾಮಾನು, ಏನೇನು ಬೇಕೆಂದು ಮನೆಯಲ್ಲೇ ಬರೆದುಕೊಂಡು ಹೋಗಲಿ. ಮುಗಿದರೆ ಮುಗಿಯಿತು, ಮತ್ತೆ ಕೊಡಬೇಡಿ. ಒಂದು ಸಲ ಅತ್ತರೂ ಮುಂದಿನ ವರ್ಷ ಪಟ್ಟಿ ಬೇರೆಯೇ ಇರುತ್ತದೆ.

ಏಳು: ಪಿಗ್ಮಿಯ ಕತೆ, ಆಮೇಲೆ ಪಾಸ್‌ಬುಕ್ಕು

ಬ್ಯಾಂಕಿಗೆ ಕರೆದುಕೊಂಡು ಹೋಗುವ ಮೊದಲು ಬ್ಯಾಂಕಿನ ಕತೆ ಹೇಳಿ. ನಮ್ಮ ಮಕ್ಕಳಿಗೆ ಅದು ಮನೆಯ ಕತೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಶುರು ಮಾಡಿದರು. ಮೊದಲ ದಿನ ಕೊನೆಗೆ ಅಲ್ಲಿ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಈಗಿನ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್, ಎರಡೂ ಮಂಗಳೂರಿನಲ್ಲೇ. ಇವುಗಳಲ್ಲಿ ಕೆಲವು ಈಚೆಗೆ ಬೇರೆ ಬ್ಯಾಂಕಿನೊಳಗೆ ಸೇರಿಹೋಗಿವೆ. ಆದರೆ ಅಜ್ಜ ಅಜ್ಜಿಯರ ಕಪಾಟಿನಲ್ಲಿ ಹಳೆಯ ಪಾಸ್‌ಬುಕ್ಕುಗಳು ಇನ್ನೂ ಇರುತ್ತವೆ. ತೆಗೆದು ತೋರಿಸಿ.

ಮಕ್ಕಳಿಗೆ ಹೆಚ್ಚು ಹಿಡಿಸುವುದು ಪಿಗ್ಮಿಯ ಕತೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರೂ ಸೇರಿ ಒಂದು ಸಂಸ್ಥೆ ಕಟ್ಟಿದರು. ಕೈಮಗ್ಗದ ನೇಕಾರರಿಗೆ ಆಸರೆಯಾಗಬೇಕು ಎನ್ನುವುದು ಅವರ ಆಸೆ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಬಡವರೂ ಹಾಗೆ ಉಳಿತಾಯ ಮಾಡಿದರು.

ಎರಡಾಣೆಯ ಲೆಕ್ಕವನ್ನು ಮಕ್ಕಳೇ ಮಾಡಲಿ. 16 ಆಣೆಗೆ ಒಂದು ರೂಪಾಯಿ. ದಿನಕ್ಕೆ ಎರಡಾಣೆ ಹಾಕಿದರೆ ಎಂಟು ದಿನಕ್ಕೆ ಒಂದು ರೂಪಾಯಿ, 30 ದಿನಕ್ಕೆ 3 ರೂಪಾಯಿ 12 ಆಣೆ. ಈಗಿನ ಲೆಕ್ಕದಲ್ಲಿ ದಿನಕ್ಕೆ ಐದು ರೂಪಾಯಿ ಇಟ್ಟರೆ ವರ್ಷಕ್ಕೆ 1,825. ನಮ್ಮ ಬೀದಿಯ ಅಂಗಡಿಗಳಿಗೆ ಈಗಲೂ ಸಹಕಾರಿ ಸೊಸೈಟಿಯ ಪಿಗ್ಮಿಯವರು ಸಂಜೆ ಬರುತ್ತಾರೆ, ಕೈಯಲ್ಲಿ ಸಣ್ಣ ಮೆಷಿನ್. ಅವರು ಕೊಡುವ ಚೀಟಿಯನ್ನು ಮಗು ಓದಲಿ.

ಆಮೇಲೆ ಸ್ವಂತ ಖಾತೆ. ಹತ್ತು ವರ್ಷ ತುಂಬುವವರೆಗೆ ಅಪ್ಪನೋ ಅಮ್ಮನೋ ಜೊತೆಗಿದ್ದು ಖಾತೆ ನಡೆಸಬೇಕು. ರಿಸರ್ವ್ ಬ್ಯಾಂಕಿನ 2025ರ ಸೂಚನೆಯಂತೆ, ಹತ್ತು ತುಂಬಿದ ಮಕ್ಕಳು ಉಳಿತಾಯ ಖಾತೆ ತೆರೆದು ತಾವೇ ನಡೆಸಲು ಬ್ಯಾಂಕ್‌ಗಳು ಅವಕಾಶ ಕೊಡಬಹುದು. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡಬೇಕಾ ಎನ್ನುವುದನ್ನು ಆಯಾ ಬ್ಯಾಂಕ್ ತೀರ್ಮಾನಿಸುತ್ತದೆ, ಹಾಗಾಗಿ ಶಾಖೆಯಲ್ಲಿ ಕೇಳಿ. ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕೂಡ ಮಕ್ಕಳಿಗೆ ಒಳ್ಳೆಯದು. ತಿಂಗಳಿಗೆ ಕನಿಷ್ಠ 100 ರೂಪಾಯಿ, ಐದು ವರ್ಷ. ಕಟ್ಟಿದ 6,000ಕ್ಕೆ ಬಡ್ಡಿ ಸೇರಿ ಬರುತ್ತದೆ. ಐದನೇ ಕ್ಲಾಸಿನಲ್ಲಿ ಶುರು ಮಾಡಿದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಕೈಗೆ ಸಿಗುತ್ತದೆ.

ಪಾಸ್‌ಬುಕ್ಕನ್ನು ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ. ಮೂರು ತಿಂಗಳಿಗೊಮ್ಮೆ ಮಗುವಿನ ಜೊತೆ ಹೋಗಿ ಎಂಟ್ರಿ ಹಾಕಿಸಿ, ಮನೆಗೆ ಬಂದು ನೋಟ್‌ಬುಕ್ಕಿನ ಪಕ್ಕ ಇಟ್ಟು ಓದಿ. ನೀನು ಹಾಕಿದ ದುಡ್ಡು ಯಾವ ಸಾಲಿನಲ್ಲಿ ಉಂಟು? ನೀನು ಹಾಕದೆ ಬಂದ ದುಡ್ಡು ಯಾವುದು? ಮಗ ಎರಡನೇ ಪ್ರಶ್ನೆಗೆ ತಡಕಾಡಿ, ಕೊನೆಗೆ ‘17’ ಎನ್ನುವ ಅಂಕಿ ಹಿಡಿದ. ಅದು ಬಡ್ಡಿ. “ನಾನು ಏನೂ ಮಾಡ್ಲಿಲ್ಲ, ಸುಮ್ನೆ ಕೊಟ್ರಾ?” ಎಂದ. ನಿನ್ನ ದುಡ್ಡನ್ನು ಬ್ಯಾಂಕ್ ಇನ್ನೊಬ್ಬರಿಗೆ ಸಾಲ ಕೊಟ್ಟಿದೆ, ಅವರು ಕೊಟ್ಟ ಬಡ್ಡಿಯಲ್ಲಿ ನಿನಗೂ ಒಂದು ಪಾಲು ಎಂದೆ. ಹೀಗೆ ಸಾಲದ ಮಾತಿಗೆ ದಾರಿಯಾಯಿತು.

ಎಂಟು: ಮೊಬೈಲಿನ ಮೆಸೇಜು

ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಸಾಮಾನು ಸಿಗುತ್ತದೆ, ಕೈಯಿಂದ ನೋಟು ಹೋಗುವುದು ಮಕ್ಕಳಿಗೆ ಕಾಣುವುದೇ ಇಲ್ಲ. ಅದಕ್ಕೆ ದುಡ್ಡು ಕೊಟ್ಟ ಕೂಡಲೇ ಬರುವ ಬ್ಯಾಂಕಿನ ಮೆಸೇಜನ್ನು ಮಗುವಿನಿಂದ ಓದಿಸಿ: ಎಷ್ಟು ಹೋಯಿತು, ಇನ್ನು ಎಷ್ಟು ಉಂಟು? ಮೋಸದ ಮೆಸೇಜು ಬಂದರೂ ಅಳಿಸುವ ಮೊದಲು ಒಟ್ಟಿಗೆ ಕೂತು ಓದಿ. ಅವಸರ ಮಾಡುತ್ತದಾ, ಲಿಂಕ್ ಒತ್ತಲು ಹೇಳುತ್ತದಾ, ಒಟಿಪಿ ಕೇಳುತ್ತದಾ ನೋಡಲಿ. ಯುಪಿಐಯಲ್ಲಿ ದುಡ್ಡು ಬರಲು ಪಿನ್ ಹಾಕಬೇಕಾಗಿಲ್ಲ, ಹೋಗಲು ಮಾತ್ರ ಹಾಕಬೇಕು. ಇದು ಬಾಯಿಪಾಠ ಆಗಲಿ. ದುಡ್ಡು ಹೋದದ್ದು ಗೊತ್ತಾದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಮಕ್ಕಳೇ ಫ್ರಿಜ್ಜಿನ ಮೇಲೆ ಬರೆದು ಅಂಟಿಸಲಿ.

ಒಂಬತ್ತು: ಸಾಲದ ರಸೀದಿ

ಸಾಲದ ಮೊದಲ ಪಾಠ ಗ್ರಂಥಾಲಯದ ಪುಸ್ತಕ. ತಂದದ್ದು ನಮ್ಮದಲ್ಲ, ತಾರೀಕಿನೊಳಗೆ ಒಪ್ಪಿಸಬೇಕು. ತಡವಾಗಿ ದಂಡ ಬಿದ್ದರೆ ಅದನ್ನು ಮಗುವಿನ ಡಬ್ಬಿಯಿಂದಲೇ ಕಟ್ಟಿಸಿ. ಚಿಕ್ಕವರಿಗೆ ಇಷ್ಟು ಸಾಕು.

ಹನ್ನೆರಡು, ಹದಿಮೂರು ವರ್ಷದವರಿಗೆ ಮನೆಯ ನಿಜವಾದ ಸಾಲವನ್ನೇ ತೋರಿಸಬಹುದು ಎಂದು ನನಗೆ ಅನಿಸುತ್ತದೆ. ಹೆದರಿಸಲು ಅಲ್ಲ, ನೀನೂ ಈ ಮನೆಯವಳು ಎಂದು ತಿಳಿಸಲು. ಮಾಡಿನ ಹಂಚು ಬದಲಿಸಲು ನಾವು ಸೊಸೈಟಿಯಲ್ಲಿ ಚಿನ್ನದ ಬಳೆ ಅಡವಿಟ್ಟು 50,000 ತಂದಿದ್ದೆವು, ವರ್ಷಕ್ಕೆ ನೂರಕ್ಕೆ 12ರ ಬಡ್ಡಿ. ತಿಂಗಳಿಗೆ 500 ಕಟ್ಟುತ್ತಿದ್ದೆ. ಕಳೆದ ತಿಂಗಳು ರಸೀದಿಗಳನ್ನೆಲ್ಲ ಮಗಳ ಮುಂದೆ ಇಟ್ಟೆ. ಅವಳು ಹನ್ನೆರಡು ರಸೀದಿ ಸಾಲಾಗಿ ಜೋಡಿಸಿದಳು. ಒಟ್ಟು 6,000. ಆಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಎತ್ತಿ ಪಕ್ಕಪಕ್ಕ ಹಿಡಿದಳು.

“ಅಮ್ಮಾ, ಎರಡರಲ್ಲೂ ಅಸಲು 50,000 ಅಂತಲೇ ಉಂಟಲ್ಲ?”

ಹೌದು ಎಂದೆ. ಕಟ್ಟಿದ್ದು ಬಡ್ಡಿ ಮಾತ್ರ.

“ಹಾಗಾದ್ರೆ ಬಳೆ ಬರುವುದು ಯಾವಾಗ?”

ಇಬ್ಬರೂ ಕೂತು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಮಾಡಿದೆವು. ಬಡ್ಡಿಯ ಜೊತೆ ತಿಂಗಳಿಗೆ 2,000 ಅಸಲಿಗೆ ಕಟ್ಟಿದರೆ ಮರುತಿಂಗಳ ಬಡ್ಡಿ 480, ಅದರ ಮರುತಿಂಗಳು 460. 25 ತಿಂಗಳಲ್ಲಿ ಮುಗಿಯುತ್ತದೆ. ಅವಳು ಒಂದರಿಂದ 25ರವರೆಗೆ ಚೌಕ ಎಳೆದಳು. ಮೊನ್ನೆ ನಾನು ಸೊಸೈಟಿಯಿಂದ ಬಂದ ಕೂಡಲೇ ರಸೀದಿ ಕೇಳಿ ತೆಗೆದುಕೊಂಡು ಓದಿ, ಮೊದಲ ಚೌಕಕ್ಕೆ ಬಣ್ಣ ತುಂಬಿದಳು.